ನೌಬಾದ್ ಆಚೆಯ ಕೃಷಿ ವಲಯ ವಸತಿ ವಲಯವಾಗುವ ಪ್ರಸ್ತಾವ: ಆಕ್ಷೇಪಣೆಯಲ್ಲಿ ಏನು ಬರೆಯಬೇಕು?

ಬಾವಿಕಟ್ಟೆ:

ಮೊನ್ನೆಯ ಪತ್ರಿಕೆಯ ಒಳಪುಟದಲ್ಲಿ, ಕಳೆದುಹೋದ ಅಂಕಪಟ್ಟಿ ಮತ್ತು ಹೆಸರು ಬದಲಾವಣೆಯ ಜಾಹೀರಾತುಗಳ ನಡುವೆ ಒಂದು ಸಾರ್ವಜನಿಕ ಪ್ರಕಟಣೆ ಬಂದಿದೆ. ಬೀದರಿನ ನೌಬಾದ್ ದಾಟಿದ ಮೇಲೆ ಬರುವ ಒಂದಷ್ಟು ಜಮೀನನ್ನು ಮಹಾಯೋಜನೆಯ (ಊರಿನ ಯಾವ ನೆಲ ಯಾವ ಬಳಕೆಗೆ ಎಂದು ಗೊತ್ತುಮಾಡುವ ಯೋಜನೆ) ಕೃಷಿ ವಲಯದಿಂದ ತೆಗೆದು ವಸತಿ ವಲಯಕ್ಕೆ ಸೇರಿಸುವ ಪ್ರಸ್ತಾವ. ಆಕ್ಷೇಪಣೆ ಅಥವಾ ಸಲಹೆ ಇದ್ದವರು ಹದಿನೈದು ದಿನದೊಳಗೆ ಲಿಖಿತವಾಗಿ ಸಲ್ಲಿಸಬೇಕು ಎಂದಿದೆ. ಗ್ರಾಮ, ಸರ್ವೇ ನಂಬರು, ಎಕರೆ-ಗುಂಟೆ, ಈಗಿನ ಬಳಕೆ, ಕೋರಿದ ಬಳಕೆ, ಇಷ್ಟೇ ವಿವರ. ನಕ್ಷೆ ಇಲ್ಲ. ಬದಲಾವಣೆ ಏಕೆ ಬೇಕು ಎಂಬ ಒಂದು ಸಾಲೂ ಇಲ್ಲ.

ಆ ಹೊಲಗಳ ಕೆಳಗೆ ಕರೇಜ್, ಅಂದರೆ ನೀರು ಹರಿಸಲು ನೆಲದಡಿ ಕೊರೆದ ಹಳೆಯ ಸುರಂಗ, ಹಾದುಹೋಗಿದೆ ಎಂಬುದು ಈ ಭಾಗದ ಹಿರಿಯರಿಗೆಲ್ಲ ಗೊತ್ತಿರುವ ವಿಷಯ. ಗಾಳಿಕಿಂಡಿಗಳು ಬದುವಿನ ಪಕ್ಕದಲ್ಲಿ ಈಗಲೂ ಕಾಣುತ್ತವೆ. ನಮ್ಮ ಓಣಿಯಲ್ಲಿ ಸಹಿ ಸಂಗ್ರಹ ಶುರುವಾಗಿದೆ: "ನಮ್ಮ ಪರಂಪರೆ ಉಳಿಸಿ, ಬಡಾವಣೆ ಬೇಡ" ಎಂಬ ಎರಡು ಸಾಲು, ಕೆಳಗೆ ಹೆಸರುಗಳ ಉದ್ದ ಪಟ್ಟಿ. ಇದರಿಂದ ಏನಾದರೂ ಆಗುತ್ತದೆಯೇ ಎಂಬ ಅನುಮಾನ ನನಗಿದೆ. ತಿಳಿದವರು ಹೇಳಿ.

ಮೂವತ್ತು-ನಲವತ್ತು:

ನನ್ನ ಮಾತು ಹಿಡಿಸದಿರಬಹುದು. ಬೀದರ್ ಬೆಳೆಯುತ್ತಿದೆ, ಜನ ಎಲ್ಲಿಗಾದರೂ ಹೋಗಬೇಕು. ಒಂದು ಕಡೆ ಕೋಟೆ ಮತ್ತು ಸ್ಮಾರಕಗಳ ನಿರ್ಬಂಧ, ಇನ್ನೊಂದು ಕಡೆ ವಾಯುಪಡೆಯ ನೆಲೆ, ಮತ್ತೊಂದು ಕಡೆ ಕೊಳಾರ ಕೈಗಾರಿಕಾ ಪ್ರದೇಶ. ಉಳಿದ ದಿಕ್ಕಿನಲ್ಲಿ ಕೃಷಿ ವಲಯ ಎಂದು ಹಸಿರು ಬಣ್ಣ ಬಳಿದಿಟ್ಟರೆ ಮನೆ ಕಟ್ಟುವುದು ಎಲ್ಲಿ?

ನಾನು ಕೊಂಡದ್ದು ರೆವಿನ್ಯೂ ನಿವೇಶನ, ಅಂದರೆ ಮಂಜೂರಾತಿಯಿಲ್ಲದೆ ಹೊಲವನ್ನೇ ತುಂಡು ಮಾಡಿ ಮಾರಿದ್ದು. ಬಾಂಡ್ ಕಾಗದದ ಮೇಲೆ ಗುಂಟೆ ಲೆಕ್ಕದಲ್ಲಿ ಬರೆದುಕೊಟ್ಟಿದ್ದಾರೆ. ಇ-ಸ್ವತ್ತು (ಪಂಚಾಯಿತಿಯ ಗಣಕೀಕೃತ ಆಸ್ತಿ ದಾಖಲೆ) ಆಗಿಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ, ಚರಂಡಿ ಇಲ್ಲ. ಇಂಥದ್ದು ಏಕೆ ಹುಟ್ಟುತ್ತದೆ? ಸಕ್ರಮ ದಾರಿಯಲ್ಲಿ ವಲಯ ಬದಲಾಗದೇ ಇರುವುದರಿಂದ. ನೀವು ಆಕ್ಷೇಪಣೆ ಹಾಕಿ ಈ ಪ್ರಸ್ತಾವವನ್ನು ತಡೆದಿರಿ ಎನ್ನಿ. ಆ ಹೊಲದಲ್ಲಿ ಜೋಳ ಬೆಳೆಯುವುದಿಲ್ಲ, ನನ್ನಂಥವನಿಗೆ ಬಾಂಡ್ ಮೇಲೆ ಮಾರಾಟವಾಗುತ್ತದೆ. ಕರೇಜ್ ಆಗಲೂ ಉಳಿಯುವುದಿಲ್ಲ.

ಕಪ್ಪುಕೋಟು:

ಮೂಲ ಪ್ರಶ್ನೆಗೆ ಬರುತ್ತೇನೆ. ಈ ಪ್ರಕಟಣೆ ಹೊರಟಿರುವುದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14-ಎ ಪ್ರಕರಣದ ಕೆಳಗೆ. ಮಹಾಯೋಜನೆ ಜಾರಿಗೆ ಬಂದ ಮೇಲೆ ಅದರಲ್ಲಿ ಬಿಡಿಬಿಡಿಯಾಗಿ ಭೂಬಳಕೆ ಬದಲಾಯಿಸಲು ಇರುವ ದಾರಿ ಇದು. ಅಂತಿಮ ಮಾತು ಊರಿನ ಯೋಜನಾ ಪ್ರಾಧಿಕಾರದ್ದಲ್ಲ, ರಾಜ್ಯ ಸರ್ಕಾರದ ಪೂರ್ವಾನುಮೋದನೆ ಬೇಕು. ಜೊತೆಗೆ ಮೂರು ಷರತ್ತು: ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು, ಈ ಕಾಯ್ದೆಯನ್ನಾಗಲಿ, ಭೂಮಿಯ ಬಳಕೆಗೆ ಸಂಬಂಧಿಸಿದ ಬೇರೆ ಕಾನೂನನ್ನಾಗಲಿ ಮೀರಬಾರದು, ಆ ಭಾಗದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಹದಿನೈದು ದಿನಕ್ಕೆ ಕಡಿಮೆಯಿಲ್ಲದಂತೆ ಕಾಲಾವಕಾಶ ಕೊಡಬೇಕು. ದಿನ ಎಣಿಸಬೇಕಾದದ್ದು ಪ್ರಕಟವಾದ ದಿನಾಂಕದಿಂದ, ನಿಮ್ಮ ಕಣ್ಣಿಗೆ ಬಿದ್ದ ದಿನದಿಂದಲ್ಲ.

ಇಡೀ ಮಹಾಯೋಜನೆಯನ್ನೇ ಹೊಸದಾಗಿ ಮಾಡುವಾಗ 13ನೇ ಪ್ರಕರಣದಂತೆ ಅರವತ್ತು ದಿನ ಸಿಗುತ್ತದೆ. ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆ ಆಗಬೇಕು ಎಂದೂ ಕಾಯ್ದೆ ಹೇಳುತ್ತದೆ. ಊರಿನ ಜನ ನಿಜವಾಗಿ ಮಾತನಾಡಬೇಕಾದದ್ದು ಆ ಅರವತ್ತು ದಿನಗಳಲ್ಲಿ. ಆಗ ಯಾರೂ ಬರುವುದಿಲ್ಲ. ತಮ್ಮ ಪಕ್ಕದ ಹೊಲಕ್ಕೆ ಸುಣ್ಣದ ಗೆರೆ ಬಿದ್ದಾಗ ಎಲ್ಲರೂ ಬರುತ್ತಾರೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಸಹಿ ಸಂಗ್ರಹದ ವಿಷಯ. ಮುನ್ನೂರು ಸಹಿಯ ಒಂದು ಅರ್ಜಿಯನ್ನು ಕಡತದಲ್ಲಿ "ಒಂದು ಆಕ್ಷೇಪಣೆ" ಎಂದು ದಾಖಲಿಸಿ ಮುಗಿಸಬಹುದು. ಬೇರೊಂದು ಜಿಲ್ಲೆಯ ಪ್ರಕರಣದಲ್ಲಿ ನಾನೇ ನೋಡಿದ್ದೇನೆ. "ಸ್ವೀಕೃತ ಆಕ್ಷೇಪಣೆಗಳು ಸಾಮಾನ್ಯ ಸ್ವರೂಪದ್ದಾಗಿದ್ದು ತಿರಸ್ಕರಿಸಲಾಗಿದೆ" ಎಂಬ ಒಂದು ಸಾಲಿನಲ್ಲಿ ಗೋಣಿಚೀಲದಷ್ಟು ಕಾಗದ ಹೊರಗೆ ಹೋಯಿತು. "ಸಾಮಾನ್ಯ ಸ್ವರೂಪದ್ದು" ಎನ್ನಲು ಆಗದ ಹಾಗೆ ಬರೆಯುವುದೇ ಇಲ್ಲಿನ ಕೆಲಸ. ಇಂಥ ಸರ್ವೇ ನಂಬರಿನಲ್ಲಿ ಇಂಥ ಕಡೆ ಇಂಥದ್ದು ಇದೆ, ಬದಲಾವಣೆಯಿಂದ ಅದಕ್ಕೆ ಹೀಗೆ ಹಾನಿ, ಆದ್ದರಿಂದ ಸಾರ್ವಜನಿಕ ಹಿತದ ಷರತ್ತು ಈಡೇರುವುದಿಲ್ಲ. ಹೀಗೆ ಬರೆದದ್ದಕ್ಕೆ ಉತ್ತರ ಕೊಡದೆ ಆದೇಶ ಹೊರಡಿಸಿದರೆ ಮುಂದೆ ಕಲಬುರಗಿ ಹೈಕೋರ್ಟ್ ಪೀಠದಲ್ಲಿ ನಿಲ್ಲಲು ನಿಮಗೆ ನೆಲೆ ಇರುತ್ತದೆ. 1991ರಲ್ಲಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಪ್ರಕರಣದಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅಲ್ಲಿನ ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆ ಎಂದೂ ಹೇಳಿತು. ನಿಮ್ಮದು ಉದ್ಯಾನವಲ್ಲ, ಖಾಸಗಿ ಹೊಲ. ಆದರೆ "ನಿನಗೇನು ಸಂಬಂಧ" ಎಂದು ಯಾರಾದರೂ ಕೇಳಿದರೆ ಆ ತೀರ್ಪು ನೆನಪಿರಲಿ.

ಮಾಹಿತಿ ಹಕ್ಕಿನಲ್ಲಿ ಕಡತ ಕೇಳೋಣ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: 2005ರ ಕಾಯ್ದೆಯಂತೆ ಉತ್ತರಕ್ಕೆ ಮೂವತ್ತು ದಿನ, ನಿಮಗಿರುವುದು ಹದಿನೈದು. ಅರ್ಜಿ ಹಾಕಿ, ಅದನ್ನು ನಂಬಿ ಕೂರಬೇಡಿ. ಕಚೇರಿಗೆ ಹೋಗಿ ಪ್ರಸ್ತಾವದ ನಕ್ಷೆ ತೋರಿಸಿ ಎಂದು ಲಿಖಿತವಾಗಿ ಕೇಳಿ. ತೋರಿಸದಿದ್ದರೆ ಅದನ್ನೇ ಆಕ್ಷೇಪಣೆಯ ಮೊದಲ ಅಂಶವಾಗಿ ಬರೆಯಿರಿ: ನಕ್ಷೆ ನೋಡದೆ ಸಲಹೆ ಕೊಡುವುದು ಹೇಗೆ?

ಜೋಡೆತ್ತು:

ನೀವೆಲ್ಲ ಮಾತನಾಡುತ್ತಿರುವ ಹೊಲಗಳಲ್ಲಿ ಒಂದು ನಮ್ಮದು. ಅರ್ಜಿ ಹಾಕಿದವರಲ್ಲಿ ನಮ್ಮ ಮನೆಯವರೂ ಇದ್ದಾರೆ.

ಕರೇಜ್ ನೋಡಲು ಜನ ಬರುತ್ತಾರೆ, ಫೋಟೊ ತೆಗೆಯುತ್ತಾರೆ, "ಅದ್ಭುತ, ಕಾಪಾಡಿಕೊಳ್ಳಿ" ಎಂದು ನಮಗೆ ಹೇಳಿ ಹೋಗುತ್ತಾರೆ. ಯಾರ ಖರ್ಚಿನಲ್ಲಿ ಕಾಪಾಡಬೇಕು? ಮಳೆ ಆಧಾರದ ಹೊಲ, ಸೋಯಾ ಹಾಕಿದರೆ ಕಟಾವಿನ ಹೊತ್ತಿಗೆ ಮಳೆ, ತೊಗರಿ ಹಾಕಿದರೆ ಹೂವಿನ ಹೊತ್ತಿಗೆ ಮಂಜು. ಅಣ್ಣತಮ್ಮಂದಿರಲ್ಲಿ ಪಾಲಾದ ಮೇಲೆ ಉಳಿದ ತುಂಡಿನಲ್ಲಿ ಟ್ರ್ಯಾಕ್ಟರ್ ತಿರುಗಿಸುವುದಕ್ಕೇ ಜಾಗ ಸಾಲದು. ರಸ್ತೆಯ ಆಚೆಯ ಹೊಲ ಎಂದೋ ವಸತಿ ವಲಯವಾಯಿತು. ಅವರ ಮಕ್ಕಳು ಹೈದರಾಬಾದಿನಲ್ಲಿ ಓದುತ್ತಿದ್ದಾರೆ. ರಸ್ತೆಯ ಈಚೆ ಹಸಿರು ಬಣ್ಣ ಬಿದ್ದದ್ದು ನಮ್ಮ ಹಣೆಬರಹವೇ? ಆ ಬಣ್ಣ ಬಳಿಯುವಾಗ ನಮ್ಮನ್ನು ಯಾರೂ ಕೇಳಲಿಲ್ಲ.

ಊರಿನ ನೀರನ್ನು ನಮ್ಮ ಹೊಲ ಕಾಯಬೇಕು ಎನ್ನುವುದಾದರೆ ಊರು ಅದರ ಬೆಲೆ ಕೊಡಲಿ. ಓಣಿಯ ಸಹಿ ಕೊಟ್ಟು ನಮ್ಮ ಹಕ್ಕನ್ನು ಕಟ್ಟಿಹಾಕುವುದು ಬಹಳ ಅಗ್ಗದ ಸಮಾಜಸೇವೆ.

ಮೂವತ್ತು-ನಲವತ್ತು:

ಜೋಡೆತ್ತು ಅವರ ಮಾತಿಗೆ ನನ್ನ ಸಹಿ.

ಕೆಂಪುಕಲ್ಲು:

ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತೇನೆ. ರೈತರ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ನೀರಿನ ಪ್ರಶ್ನೆಗೆ ಇದೆ. ಎಲ್ಲಿ ಅಪಾಯ, ಎಲ್ಲಿ ಇಲ್ಲ ಎಂದು ಬಿಡಿಸಿ ನೋಡಿದರೆ ಜಗಳದ ಅರ್ಧ ಭಾಗ ಉದುರಿಹೋಗುತ್ತದೆ ಎಂಬುದು ನನ್ನ ನಂಬಿಕೆ.

ಬೀದರ್ ನಿಂತಿರುವುದು ಕೆಂಪುಕಲ್ಲಿನ ಹಾಸಿನ ಮೇಲೆ. ಅದರ ಕೆಳಗೆ ದಖ್ಖನ್ನಿನ ಕಪ್ಪು ಬಸಾಲ್ಟ್. ಕೆಂಪುಕಲ್ಲು ತೂತು ತೂತಾದ ಕಲ್ಲು, ಬಿದ್ದ ಮಳೆಯನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಕೆಳಗಿನ ಜೇಡಿಯಂಥ ಪದರ ಮತ್ತು ಬಸಾಲ್ಟ್ ಅದನ್ನು ಸುಲಭವಾಗಿ ಬಿಡುವುದಿಲ್ಲ. ಎರಡೂ ಕೂಡುವ ಮಟ್ಟದಲ್ಲಿ ನೀರು ನಿಂತು ಪಕ್ಕಕ್ಕೆ ಹರಿದು ಪ್ರಸ್ಥಭೂಮಿಯ ಅಂಚಿನಲ್ಲಿ ಹೊರಬರುತ್ತದೆ. ನರಸಿಂಹ ಝರಣಿ, ಪಾಪನಾಶ, ನಾನಕ್ ಝೀರಾ, ಇವೆಲ್ಲ ಆ ಏರ್ಪಾಡಿನ ಬೇರೆ ಬೇರೆ ಬಾಯಿಗಳು. ಹದಿನೈದನೇ ಶತಮಾನದಲ್ಲಿ ಬಹಮನಿ ಅರಸರು ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ ಕಾಲದಲ್ಲಿ ಪರ್ಷಿಯಾದ ಕಡೆಯ ತಂತ್ರವನ್ನು ತಿಳಿದವರು ಇದೇ ನೀರಿನ ಹಾದಿಯನ್ನು ಹುಡುಕಿ ಸುರಂಗ ಕೊರೆದರು. ಮೇಲ್ಭಾಗದಲ್ಲಿ ತಾಯಿಬಾವಿ, ಅಲ್ಲಿಂದ ಬಹಳ ಸಣ್ಣ ಇಳಿಜಾರಿನಲ್ಲಿ ಸುರಂಗ, ನಡುನಡುವೆ ಅಗೆತದ ಮಣ್ಣು ಎತ್ತುವುದಕ್ಕೂ ಗಾಳಿಗೂ ಕಿಂಡಿಗಳು. ಪಂಪು ಬೇಡ, ನೀರು ತಾನೇ ಹರಿದು ಬರುತ್ತದೆ. ನೌಬಾದಿನದಲ್ಲದೆ ಶುಕ್ಲತೀರ್ಥ ಮತ್ತು ಜಮ್ನಾ ಮೋರಿ ಎಂಬ ಇನ್ನೆರಡು ವ್ಯವಸ್ಥೆಗಳೂ ಬೀದರಿನಲ್ಲಿವೆ.

ಬಡಾವಣೆಯಿಂದ ಇದಕ್ಕೆ ಏನಾಗುತ್ತದೆ? ಮನೆಯ ಭಾರಕ್ಕೆ ಸುರಂಗ ಕುಸಿಯುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಸುರಂಗದ ನೇರ ಮೇಲೆ ಅಡಿಪಾಯ ತೋಡಿದರೆ ಅದು ನಿಜ, ದೂರ ಸರಿದರೆ ಅಷ್ಟಿಲ್ಲ. ನನ್ನ ಭಯ ಬೇರೆ. ಮೊದಲನೆಯದು ಕೊಳವೆಬಾವಿ. ಮನೆಗೊಂದರಂತೆ ಕೊರೆದರೆ ಕೆಂಪುಕಲ್ಲಿನ ನೀರಿನ ಮಟ್ಟ ಸುರಂಗದ ತಳಕ್ಕಿಂತ ಕೆಳಗೆ ಹೋಗುತ್ತದೆ. ಅಲ್ಲಿಗೆ ಕರೇಜ್ ಒಣ ಗುಹೆ. ಎರಡನೆಯದು ಇಂಗುಗುಂಡಿ. ಒಳಚರಂಡಿ ಬರುವ ಮೊದಲೇ ಮನೆಗಳು ಬಂದರೆ ಶೌಚದ ನೀರೆಲ್ಲ ಅದೇ ತೂತು ಕಲ್ಲಿನಲ್ಲಿ ಇಳಿದು ಅದೇ ಸುರಂಗಕ್ಕೆ ಸೇರುತ್ತದೆ. ಕಪ್ಪು ಮಣ್ಣಿನ ಊರಿನಲ್ಲಿ ಇಂಗುಗುಂಡಿಯ ನೀರು ಮೇಲೆಯೇ ನಿಂತು ನಾರುತ್ತದೆ, ಜನ ದೂರು ಕೊಡುತ್ತಾರೆ. ಇಲ್ಲಿ ಮಾಯವಾಗುತ್ತದೆ, ಯಾರೂ ಕೇಳುವುದಿಲ್ಲ. ಇನ್ನು ಕಿಂಡಿಗಳ ಗತಿ. ನಿವೇಶನ ಸಮತಟ್ಟು ಮಾಡುವಾಗ ಜೆಸಿಬಿ ಚಾಲಕನಿಗೆ ಅದು ಹಾಳುಬಾವಿಯಂತೆ ಕಾಣುತ್ತದೆ, ಕಟ್ಟಡದ ಕಸ ತುಂಬಿ ಮುಚ್ಚುತ್ತಾನೆ. ಒಂದು ಕಿಂಡಿಯಲ್ಲಿ ನಾನು ಇಣುಕಿ ನೋಡಿದಾಗ ಸುಣ್ಣದ ಚೀಲಗಳು, ಒಡೆದ ಟೈಲ್ಸು, ಒಂದು ಹಳೆಯ ಕಮೋಡು, ಅದರ ಸಂದಿನಿಂದ ಮೇಲೆದ್ದ ಅರಳಿ ಗಿಡ. ಸುರಂಗದೊಳಗೆ ಇಳಿದು ಹೂಳೆತ್ತುವವರಿಗೆ ಆ ಕಿಂಡಿಯೇ ದಾರಿ, ಆ ಕಿಂಡಿಯೇ ಉಸಿರು.

ಆದ್ದರಿಂದ "ಬಡಾವಣೆ ಬೇಡ" ಎನ್ನುವುದಕ್ಕಿಂತ, ಕರೇಜ್ ಹಾದಿಯ ಎರಡೂ ಬದಿ ಇಷ್ಟು ಅಗಲದ ಪಟ್ಟಿಯಲ್ಲಿ ಕಟ್ಟಡ ಬೇಡ, ಇಡೀ ಪ್ರದೇಶದಲ್ಲಿ ಖಾಸಗಿ ಕೊಳವೆಬಾವಿ ಬೇಡ, ಒಳಚರಂಡಿ ಜೋಡಣೆ ಆಗುವ ತನಕ ಕಟ್ಟಡದಲ್ಲಿ ವಾಸಕ್ಕೆ ಅನುಮತಿಸುವ ಪ್ರಮಾಣಪತ್ರ ಬೇಡ ಎಂದು ಕೇಳುವುದು ನೀರಿಗೆ ಹೆಚ್ಚು ಉಪಯುಕ್ತ. ಪಟ್ಟಿಯ ಅಗಲವನ್ನು ಸ್ಥಳದಲ್ಲಿ ಅಳೆದು ತಜ್ಞರು ನಿರ್ಧರಿಸಬೇಕು. ಅಂದಾಜಿನ ಮೇಲೆ ಒಂದು ಸಂಖ್ಯೆ ಎಸೆದರೆ ಅದನ್ನೇ ಹಿಡಿದು ನಿಮ್ಮ ಅರ್ಜಿಯನ್ನು ಕೆಡವುತ್ತಾರೆ.

ಚೌಬಾರಾ:

ಆಕ್ಷೇಪಣೆಯಲ್ಲಿ ಪುರಾತತ್ವ ಕಾಯ್ದೆಯಂತೆ ಸ್ಮಾರಕದಿಂದ ನೂರು ಮೀಟರ್ ತನಕ ಕಟ್ಟಡ ನಿಷೇಧ, ಅದರಾಚೆ ಇನ್ನೂರು ಮೀಟರ್ ನಿಯಂತ್ರಣ ಎಂದು ಬರೆಯಬಹುದಲ್ಲವೇ? ಹಳೆ ಊರಿನಲ್ಲಿ ನಾವು ಒಂದು ಕೋಣೆ ಎತ್ತರಿಸಬೇಕಾದರೂ ಅದೇ ಕಾಯ್ದೆಗೆ ಸುಸ್ತಾಗಿದ್ದೇವೆ.

ಕಪ್ಪುಕೋಟು:

2010ರ ತಿದ್ದುಪಡಿಯಿಂದ ಕಾಯ್ದೆಯೊಳಗೆ ಸೇರಿದ ಆ ಅಳತೆಗಳು ಅನ್ವಯವಾಗುವುದು ಕೇಂದ್ರದಿಂದ ಸಂರಕ್ಷಿತ ಎಂದು ಘೋಷಿತವಾದ ಸ್ಮಾರಕಗಳಿಗೆ ಮಾತ್ರ. ಕೋಟೆ, ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗೋರಿಗಳು ಆ ಸಾಲಿನವು. ಆ ಸರ್ವೇ ನಂಬರಿನಲ್ಲಿ ಘೋಷಿತ ಸ್ಮಾರಕ ಇದೆ ಎಂಬ ಅಧಿಸೂಚನೆ ಕೈಯಲ್ಲಿದ್ದರೆ ಬರೆಯಿರಿ, ಇಲ್ಲದಿದ್ದರೆ ಮುಟ್ಟಬೇಡಿ. ಹಳೆಯದೆಲ್ಲ ಸಂರಕ್ಷಿತವಲ್ಲ. ಒಂದು ಸುಳ್ಳು ಅಂಶ ಒಳಗೆ ಬಂದರೆ ಉಳಿದ ಒಂಬತ್ತು ನಿಜವಾದ ಅಂಶಗಳಿಗೂ ಕುತ್ತು. ನೀರಿನ ಮೂಲ, ಸಾರ್ವಜನಿಕ ಆರೋಗ್ಯ, ಒಳಚರಂಡಿಯಿಲ್ಲದಿರುವುದು, ಇವು ಸಾಕಷ್ಟು ಗಟ್ಟಿ.

ಚೈನು-ಕಲ್ಲು:

ಭೂಮಾಪನ ಇಲಾಖೆಯಿಂದ ನಿವೃತ್ತನಾದವನು. ನೀವೆಲ್ಲ ದೊಡ್ಡ ಮಾತು ಆಡುತ್ತಿದ್ದೀರಿ, ಗ್ರಾಮ ನಕ್ಷೆ ತೆಗೆದು ನೋಡಿದವರು ಯಾರೂ ಇದ್ದಂತಿಲ್ಲ.

ಮೊದಲು ಪಹಣಿ ತೆಗೆಯಿರಿ, ಖರಾಬಿನ ಅಂಕಣ ನೋಡಿ. ಎ ಖರಾಬು ಎಂದರೆ ಕಲ್ಲು-ಮೊರಡಿಯಂಥ ಸಾಗುವಳಿಗೆ ಬಾರದ ಜಾಗ, ಹಿಡುವಳಿದಾರನದೇ. ಬಿ ಖರಾಬು ಎಂದರೆ ನಾಲೆ, ಬಂಡಿದಾರಿ, ಹಳ್ಳದಂಥ ಸಾರ್ವಜನಿಕ ಉಪಯೋಗದ ನೆಲ. ಅದು ಯಾರ ಹೆಸರಿನ ಪಹಣಿಯೊಳಗೆ ಬಂದರೂ ಸರ್ಕಾರದ್ದು. ಭೂಬಳಕೆ ಬದಲಾವಣೆಯ ಪ್ರಸ್ತಾವದಲ್ಲಿ ಪೂರ್ತಿ ವಿಸ್ತೀರ್ಣ ಹಾಕಿ ಬಿ ಖರಾಬನ್ನೂ ಒಳಗೆ ಸೇರಿಸಿಕೊಂಡಿದ್ದರೆ ಅದೊಂದೇ ಅಂಶ ಪ್ರಸ್ತಾವವನ್ನು ವಾಪಸು ಕಳುಹಿಸಲು ಸಾಕು. ಪ್ರಕಟಣೆಯ ಎಕರೆ-ಗುಂಟೆಗೂ ಪಹಣಿಯ ನಿವ್ವಳ ವಿಸ್ತೀರ್ಣಕ್ಕೂ ತಾಳೆ ಹಾಕಿ.

ಮುಂದೆ ಗ್ರಾಮ ನಕ್ಷೆ. ಆ ಸರ್ವೇ ನಂಬರಿಗೆ ನಕಾಶೆಯಲ್ಲಿ ದಾರಿ ಇದೆಯೇ? ಈಗ ಟ್ರ್ಯಾಕ್ಟರ್ ಹೋಗುವುದು ಪಕ್ಕದವನ ಬದುವಿನ ಮೇಲೆ, ಅವನ ಸೌಜನ್ಯದಿಂದ. ನಾಳೆ ಅಲ್ಲಿ ನೂರು ಮನೆ ಆದರೆ ಆ ಸೌಜನ್ಯ ರಸ್ತೆಯಾಗುತ್ತದೆಯೇ? ಈ ಪ್ರಶ್ನೆ ಬರೆದ ಆಕ್ಷೇಪಣೆಯನ್ನು ನಗರ ಯೋಜಕ ಓದಿಯೇ ಓದುತ್ತಾನೆ, ಏಕೆಂದರೆ ನಾಳೆ ಬಡಾವಣೆಯ ವಿನ್ಯಾಸ (ಲೇಔಟ್) ಮಂಜೂರಾತಿಯಲ್ಲಿ ಅವನೇ ಸಿಕ್ಕಿಹಾಕಿಕೊಳ್ಳುತ್ತಾನೆ.

ಕರೇಜ್ ಬಗ್ಗೆ ಒಂದು ಕಹಿ ಮಾತು. ಗ್ರಾಮ ನಕ್ಷೆ ನೆಲದ ಮೇಲಿನದ್ದನ್ನು ತೋರಿಸುತ್ತದೆ: ಬಾವಿ, ಹಳ್ಳ, ದಾರಿ, ಗಡಿಕಲ್ಲು. ನೆಲದೊಳಗಿನ ಸುರಂಗಕ್ಕೆ ನಾನು ಕೆಲಸ ಮಾಡಿದ ಹಾಳೆಗಳಲ್ಲಿ ಗೆರೆ ಇರಲಿಲ್ಲ. ಕಚೇರಿಯಲ್ಲಿ ಕುಳಿತವನಿಗೆ ನಿಮ್ಮ ಕರೇಜ್ ಕಾಣುವುದು ನೀವು ಕಾಣಿಸಿದರೆ ಮಾತ್ರ. ಪ್ರತಿ ಕಿಂಡಿಗೂ ಹತ್ತಿರದ ಎರಡು ಗಡಿಕಲ್ಲುಗಳಿಂದ ದೂರ ಅಳೆಯಿರಿ, ಫೋಟೊದಲ್ಲಿ ಅಕ್ಷಾಂಶ-ರೇಖಾಂಶ ಬರುವಂತೆ ತೆಗೆಯಿರಿ, ಗ್ರಾಮ ನಕ್ಷೆಯ ನಕಲಿನ ಮೇಲೆ ಚುಕ್ಕೆ ಇಟ್ಟು ಸರ್ವೇ ನಂಬರು ಬರೆಯಿರಿ. ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೇ ನಂಬರು ತಿಳಿಯಲು ಒಳ್ಳೆಯದು, ಗಡಿಗೆ ಅದು ಸಾಕ್ಷಿಯಲ್ಲ. ಚುಕ್ಕೆಗಳನ್ನು ಜೋಡಿಸಿದರೆ ಸುರಂಗದ ಹಾದಿ ತಾನೇ ಕಾಣುತ್ತದೆ. ಆ ಒಂದು ಹಾಳೆ ಮುನ್ನೂರು ಸಹಿಗಿಂತ ತೂಕದ್ದು.

ಮೂವತ್ತು-ನಲವತ್ತು:

ಹಾಗಾದರೆ ನನ್ನ ನಿವೇಶನದ ಪಹಣಿಯಲ್ಲೂ ಬಿ ಖರಾಬು ಇದೆಯೇ ಎಂದು ನೋಡುವುದು ಹೇಗೆ?

ಚೈನು-ಕಲ್ಲು:

ಮೂಲ ಸರ್ವೇ ನಂಬರು ಹಾಕಿ ಪಹಣಿ ತೆಗೆಯಿರಿ, ಆಕಾರಬಂದ್ (ಸರ್ವೇ ನಂಬರಿನ ವಿಸ್ತೀರ್ಣ, ಖರಾಬು, ಕಂದಾಯದ ಮೂಲ ದಾಖಲೆ) ನಕಲು ಕೇಳಿ. ಅಂದಹಾಗೆ ಒಂದು ಗುಂಟೆ ಎಂದರೆ 1,089 ಚದರಡಿ, ಮೂವತ್ತು-ನಲವತ್ತು ಅಡಿಯ ನಿವೇಶನ ಎಂದರೆ 1,200. ಬಾಂಡಿನಲ್ಲಿ "ಒಂದು ಗುಂಟೆ" ಎಂದು ಬರೆದು ನೆಲದ ಮೇಲೆ ಮೂವತ್ತು-ನಲವತ್ತು ತೋರಿಸಿದ್ದರೆ ಹೆಚ್ಚಿನ 111 ಚದರಡಿ ಎಲ್ಲಿಂದ ಬಂತು ಎಂದು ಮಾರಿದವರನ್ನು ಕೇಳಿ. ಸಾಮಾನ್ಯವಾಗಿ ಅದು ನಾಲೆಯಿಂದ ಬಂದಿರುತ್ತದೆ.

ಬಾವಿಕಟ್ಟೆ:

ಎಲ್ಲರ ಮಾತು ಓದಿ ಹೀಗೆ ಬರೆದಿದ್ದೇನೆ, ತಿದ್ದಿಕೊಡಿ:

"ದಿನಾಂಕ ಇಂಥದ್ದರ ಪತ್ರಿಕೆಯಲ್ಲಿ ಪ್ರಕಟವಾದ ಭೂಬಳಕೆ ಬದಲಾವಣೆಯ ಪ್ರಸ್ತಾವಕ್ಕೆ ಸಂಬಂಧಿಸಿ. ಸದರಿ ಸರ್ವೇ ನಂಬರುಗಳಲ್ಲಿ ಕರೇಜಿನ ಗಾಳಿಕಿಂಡಿಗಳಿವೆ. ಅವುಗಳ ಸ್ಥಾನ ಗುರುತಿಸಿದ ನಕ್ಷೆ ಮತ್ತು ಫೋಟೊಗಳನ್ನು ಲಗತ್ತಿಸಿದೆ. ಸದರಿ ಪ್ರದೇಶದಲ್ಲಿ ಒಳಚರಂಡಿ ಜಾಲವಿಲ್ಲ. ಈ ಸ್ಥಿತಿಯಲ್ಲಿ ವಸತಿ ಬಳಕೆಗೆ ಅನುಮತಿಸುವುದರಿಂದ ಕೆಳಭಾಗದ ತೆರೆದ ಬಾವಿಗಳ ನೀರು ಕಲುಷಿತವಾಗುವ ಸಂಭವವಿರುವುದರಿಂದ ಬದಲಾವಣೆಯು ಸಾರ್ವಜನಿಕ ಹಿತಕ್ಕೆ ವಿರುದ್ಧ. ಪ್ರಸ್ತಾವವನ್ನು ಕೈಬಿಡಬೇಕು. ಪರ್ಯಾಯವಾಗಿ, ಅನುಮತಿಸುವುದೇ ಆದರೆ, ಕರೇಜ್ ಹಾದಿಯನ್ನು ಸ್ಥಳ ತನಿಖೆಯಿಂದ ಗುರುತಿಸಿ ತೆರೆದ ಜಾಗವಾಗಿ ಉಳಿಸಬೇಕು, ಖಾಸಗಿ ಕೊಳವೆಬಾವಿ ನಿಷೇಧಿಸಬೇಕು, ಒಳಚರಂಡಿ ಸಂಪರ್ಕದ ನಂತರವೇ ಕಟ್ಟಡಗಳಿಗೆ ಅನುಮತಿ ಕೊಡಬೇಕು. ನಮ್ಮನ್ನು ಖುದ್ದಾಗಿ ಆಲಿಸಬೇಕೆಂದು ಕೋರುತ್ತೇವೆ."

ಕಪ್ಪುಕೋಟು:

ಚೆನ್ನಾಗಿದೆ. "ಕೆಳಭಾಗದ ತೆರೆದ ಬಾವಿಗಳು" ಎಂದು ಬಿಡಬೇಡಿ, ಯಾವ ಓಣಿ, ಯಾವ ಬಾವಿ, ಈಗ ಯಾರು ಬಳಸುತ್ತಾರೆ ಎಂದು ಬರೆಯಿರಿ. ಬಾವಿ ಬಳಸುವ ಮನೆಗಳವರು ಬೇರೆ ಬೇರೆಯಾಗಿ, ತಮ್ಮ ತಮ್ಮ ಮಾತಿನಲ್ಲಿ ಒಂದೊಂದು ಅರ್ಜಿ ಕೊಡಲಿ. ಒಂದೇ ಮಾದರಿಯ ನಕಲು ಪ್ರತಿಗಳು ಬೇಡ.

ಮೂವತ್ತು-ನಲವತ್ತು:

ಷರತ್ತು, ಷರತ್ತು ಎನ್ನುತ್ತೀರಿ. ಷರತ್ತು ಪಾಲಿಸಿದ ಒಂದು ಬಡಾವಣೆ ತೋರಿಸಿ. ಉದ್ಯಾನ ಎಂದು ನಕ್ಷೆಯಲ್ಲಿದ್ದ ಜಾಗದಲ್ಲಿ ಈಗ ಕಲ್ಯಾಣ ಮಂಟಪ ಇರುವುದನ್ನು ನೋಡಿಲ್ಲವೇ?

ಕಪ್ಪುಕೋಟು:

ನಿಮ್ಮ ಸಿಟ್ಟು ಸರಿ, ಅದಕ್ಕೆ ಪೂರ್ತಿ ಮದ್ದು ನನ್ನ ಬಳಿ ಇಲ್ಲ. ಷರತ್ತು ಎಲ್ಲಿ ಬರೆದಿದೆ ಎಂಬುದರ ಮೇಲೆ ಅದರ ಬಲ ನಿಂತಿದೆ. ಸಭೆಯ ನಡವಳಿಯಲ್ಲಿ ಮಾತ್ರ ಇದ್ದರೆ ಅದು ಕಪಾಟಿನಲ್ಲಿ ಸತ್ತಂತೆ. ಸರ್ಕಾರದ ಅನುಮೋದನೆಯ ಆದೇಶದಲ್ಲಿ ಬರಬೇಕು, ಆಮೇಲೆ 17ನೇ ಪ್ರಕರಣದ ವಿನ್ಯಾಸ ಮಂಜೂರಾತಿಯಲ್ಲಿ ಮರಳಿ ಬರಬೇಕು. ಎರಡೂ ಕಡೆ ಬಂದರೆ ಉಲ್ಲಂಘನೆಯನ್ನು ಪ್ರಶ್ನಿಸಲು ಕಾಗದ ಇರುತ್ತದೆ. ಜೊತೆಗೆ ಭೂಬಳಕೆ ಬದಲಾವಣೆ ಆದಾಕ್ಷಣ ನಿವೇಶನ ಆಗುವುದಿಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಪ್ರಕರಣದ ಭೂಪರಿವರ್ತನೆಯದು, ಅಂದರೆ ಕೃಷಿ ಜಮೀನನ್ನು ಕೃಷಿಯೇತರ ಮಾಡುವುದು, ಬೇರೆ ಮೆಟ್ಟಿಲು, ಅದಾದ ಮೇಲೆ ವಿನ್ಯಾಸ. ಪ್ರತಿ ಮೆಟ್ಟಿಲಿನಲ್ಲೂ ಅದೇ ನಕ್ಷೆಯ ನಕಲು ಕೊಡುತ್ತಾ ಹೋಗಬೇಕು. ಬೇಸರದ ಕೆಲಸ. ಊರಿನಲ್ಲಿ ಇದನ್ನು ಮಾಡುವ ತಾಳ್ಮೆ ಇರುವವರು ಇಬ್ಬರು-ಮೂವರು ಸಿಕ್ಕರೆ ಹೆಚ್ಚು.

ಜೋಡೆತ್ತು:

ಕರೇಜ್ ಹಾದಿಯನ್ನು ತೆರೆದ ಜಾಗ ಮಾಡಿ ಎಂದು ಬರೆದಿದ್ದೀರಿ. ಆ ಹಾದಿ ನಮ್ಮ ಹೊಲದ ನಡುವೆಯೇ ಹೋಗುತ್ತದೆ. ನಾಳೆ ನಕ್ಷೆಯಲ್ಲಿ "ಉದ್ಯಾನ" ಎಂದು ಬಣ್ಣ ಬಿದ್ದರೆ ಮಾರಲೂ ಆಗದೆ ಕಟ್ಟಲೂ ಆಗದೆ ಮೊಮ್ಮಕ್ಕಳ ಕಾಲದವರೆಗೆ ನೇತಾಡಬೇಕೇ?

ಕಪ್ಪುಕೋಟು:

ಕೇಳಬೇಕಾದ ಪ್ರಶ್ನೆ. ಮಹಾಯೋಜನೆಯಲ್ಲಿ ಸಾರ್ವಜನಿಕ ಉದ್ದೇಶಕ್ಕೆ ಗುರುತಿಸಿದ ಜಮೀನನ್ನು ಐದು ವರ್ಷದೊಳಗೆ ಒಪ್ಪಂದದಿಂದ ಕೊಳ್ಳದಿದ್ದರೆ ಅಥವಾ ಸ್ವಾಧೀನ ಪ್ರಕ್ರಿಯೆ ಶುರು ಮಾಡದಿದ್ದರೆ ಆ ಗುರುತು ಬಿದ್ದುಹೋಗುತ್ತದೆ ಎಂದು 69ನೇ ಪ್ರಕರಣ ಹೇಳುತ್ತದೆ. ಜಾಗವನ್ನು ಉಚಿತವಾಗಿ ಬಿಟ್ಟುಕೊಟ್ಟರೆ ಬದಲಿಗೆ ಅಭಿವೃದ್ಧಿ ಹಕ್ಕು, ಅಂದರೆ ಹೆಚ್ಚುವರಿ ಕಟ್ಟಡ ಕಟ್ಟುವ, ಮಾರಬಹುದಾದ ಹಕ್ಕು ಕೊಡುವ 14-ಬಿ ಕೂಡ ಇದೆ. ಬೆಂಗಳೂರಿನಲ್ಲಿ ಆ ಹಕ್ಕಿಗೆ ಕೊಳ್ಳುವವರು ಸಿಗುತ್ತಾರೆ, ಬೀದರಿನಲ್ಲಿ ಅದನ್ನು ನಂಬಿ ಜಮೀನು ಬಿಡಿ ಎಂದು ನಾನು ಹೇಳಲಾರೆ. ನಿಮಗೆ ಲಾಭದ ದಾರಿ ಬೇರೆ. ಬಡಾವಣೆ ಮಾಡಿದರೆ ಹೇಗೂ ಒಂದು ಪಾಲನ್ನು ಉದ್ಯಾನ ಮತ್ತು ತೆರೆದ ಜಾಗಕ್ಕೆ ಬಿಡಲೇಬೇಕು. ಮೂಲೆಯಲ್ಲಿ ಬಿಡುವ ಆ ಪಾಲನ್ನೇ ಕರೇಜ್ ಹಾದಿಯ ಮೇಲೆ ಬರುವಂತೆ ಕೂರಿಸಿ ಎಂದು ನೀವೇ ಸಲಹೆ ಕೊಡಿ. ಪಟ್ಟಿ ಬಹಳ ಅಗಲವಾಗದಿದ್ದರೆ ನಿಮ್ಮ ನಷ್ಟ ದೊಡ್ಡದಲ್ಲ. ಪ್ರಕಟಣೆಯಲ್ಲಿ "ಆಕ್ಷೇಪಣೆ ಅಥವಾ ಸಲಹೆ" ಎಂದಿದೆ, ಸಲಹೆ ಕೊಡುವ ಹಕ್ಕು ಜಮೀನಿನವರಿಗೂ ಇದೆ.

ಜೋಡೆತ್ತು:

ಇದನ್ನು ನಮ್ಮ ಪರವಾಗಿ ಓಡಾಡುತ್ತಿರುವ ಏಜೆಂಟ್ ಹೇಳಲಿಲ್ಲ.

ಚೌಬಾರಾ:

ಒಂದು ವಿಷಯ ಯಾರೂ ಎತ್ತಲಿಲ್ಲ. ಆ ಓಣಿಗಳಲ್ಲಿ ಅರ್ಧ ಮನೆಗಳು ಉರ್ದು ಪತ್ರಿಕೆ ಓದುತ್ತವೆ, ಕೆಲವು ಮರಾಠಿ, ಬಹಳ ಮನೆಗಳು ಯಾವುದನ್ನೂ ಓದುವುದಿಲ್ಲ. ಒಂದು ಕನ್ನಡ ಪತ್ರಿಕೆಯ ಒಳಪುಟದಲ್ಲಿ ಹಾಕಿದರೆ ಕಾಯ್ದೆಯ ಲೆಕ್ಕ ಚುಕ್ತಾ ಆಗಬಹುದು, ಬಾವಿ ಬಳಸುವ ಹೆಂಗಸರಿಗೆ ಸುದ್ದಿ ಮುಟ್ಟುವುದಿಲ್ಲ. ಪ್ರಕಟಣೆಯನ್ನು ವಾರ್ಡಿನ ಕಚೇರಿಯಲ್ಲಿ, ಮಸೀದಿ-ಗುಡಿಯ ಫಲಕದಲ್ಲಿ, ಆ ಹೊಲದ ಬದುವಿನಲ್ಲೇ ಒಂದು ತಗಡಿನ ಫಲಕದಲ್ಲಿ ಹಾಕಿ ಎಂದೂ ಅರ್ಜಿಯಲ್ಲಿ ಸೇರಿಸಿ. ನಮ್ಮ ಕಡೆಯ ಮನೆಗಳಿಗೆ ನಾನು ಉರ್ದುವಿನಲ್ಲಿ ಬರೆದು ಹಂಚುತ್ತೇನೆ.

ಬಾವಿಕಟ್ಟೆ:

ಸೇರಿಸುತ್ತೇನೆ. ಅರ್ಜಿ ಕೊಡುವಾಗ ಬೇರೆ ಏನಾದರೂ ಗಮನಿಸಬೇಕೇ?

ಕಪ್ಪುಕೋಟು:

ಎರಡು ಪ್ರತಿ. ಒಂದರ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ, ಸಹಿ ಹಾಕಿಸಿಕೊಂಡೇ ಹೊರಗೆ ಬನ್ನಿ. "ಸಾಹೇಬರು ಇಲ್ಲ, ಇಟ್ಟು ಹೋಗಿ" ಎಂದರೆ ಇಡಬೇಡಿ, ಸ್ಪೀಡ್ ಪೋಸ್ಟಿನಲ್ಲಿ ಹಾಕಿ. ಕೊನೆಯ ದಿನಕ್ಕೆ ಕಾಯಬೇಡಿ. ಒಂದು ಪ್ರತಿಯನ್ನು ಬೆಂಗಳೂರಿನ ನಗರಾಭಿವೃದ್ಧಿ ಇಲಾಖೆಗೂ ಕಳುಹಿಸಿ, ಅನುಮೋದನೆ ಕೊಡುವುದು ಅಲ್ಲಿಂದ.

ಚೈನು-ಕಲ್ಲು:

ಕಿಂಡಿಗಳ ಅಳತೆಗೆ ಶನಿವಾರ ಬೆಳಿಗ್ಗೆ ಬರಬಲ್ಲೆ. ನನ್ನ ಬಳಿ ಟೇಪು ಇದೆ, ಗ್ರಾಮ ನಕ್ಷೆಯ ನಕಲನ್ನು ನೀವು ತನ್ನಿ. ಆದರೆ ಹೊಲದವರ ಒಪ್ಪಿಗೆ ಇಲ್ಲದೆ ನಾನು ಬದು ದಾಟುವವನಲ್ಲ.

ಜೋಡೆತ್ತು:

ನಮ್ಮ ಹೊಲಕ್ಕೆ ಬನ್ನಿ. ಶನಿವಾರ ಬೇಡ, ಶುಕ್ರವಾರ ಔಷಧಿ ಹೊಡೆಯುತ್ತೇವೆ. ಭಾನುವಾರ ಬನ್ನಿ. ನಾಲ್ಕು ಜನಕ್ಕಿಂತ ಹೆಚ್ಚು ಬೇಡ, ಸೋಯಾ ಸಾಲಿನ ನಡುವೆ ನಡೆಯಬೇಡಿ, ವಿಡಿಯೊ ಬೇಡ. ಅಳತೆಯ ಹಾಳೆಯ ಒಂದು ನಕಲು ನನಗೂ ಬೇಕು. ನನ್ನ ಸಲಹೆಯ ಅರ್ಜಿಗೂ ಅದನ್ನೇ ಲಗತ್ತಿಸುತ್ತೇನೆ. ಪಟ್ಟಿ ಎಷ್ಟು ಅಗಲ ಎಂಬ ಜಗಳವನ್ನು ಅಲ್ಲೇ ನಿಂತು ಆಡೋಣ.